ಡಾಂಬರಿನ ಹದ

ದೀಪಾವಳಿ ಮುಗಿದ ಮೇಲಿನ ಸೋಮವಾರ ಬೆಳಗ್ಗೆ ವರಲಕ್ಷ್ಮಮ್ಮ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟವರು ಮನೆ ಮುಂದಿನ ಗುಂಡಿಯಲ್ಲಿ ಕಾಲಿಟ್ಟು ಬಿದ್ದರು. ಹಾಲು ಟಾರು ರಸ್ತೆಯ ಮೇಲೆ ಹರಿದು ಎದುರು ಮನೆ ಅಮ್ಮಾಜಮ್ಮನ ಬಾಗಿಲವರೆಗೂ ಹೋಯಿತು. ಬಿದ್ದ ಜಾಗದಲ್ಲೇ ಕೂತುಕೊಂಡು ಅವರು ಮೊದಲು ಕೇಳಿದ್ದು ತಮ್ಮ ಕೈಕಾಲಿನ ವಿಷಯವನ್ನಲ್ಲ.

"ಕ್ಯಾನು ಸೊಟ್ಟಗಾಯ್ತಾ ನೋಡೇ ಶಶಿ."

ಕ್ಯಾನು ಸೊಟ್ಟಗಾಗಿರಲಿಲ್ಲ. ಸೊಟ್ಟಗಾಗಿದ್ದು ಅವರ ಬಲಗೈ ಮಣಿಕಟ್ಟು. ಸೊಸೆ ಶಶಿರೇಖ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಓಡಿ ಬಂದು ಅತ್ತೆಯನ್ನು ಎಬ್ಬಿಸಿ ಜಗಲಿಯ ಮೇಲೆ ಕೂರಿಸಿದಳು. ಬಂಗಾರಪೇಟೆಯಲ್ಲಿ ರೈಲು ಹಿಡಿದು ಮಾಲೂರಿನ ಕಾರ್ಖಾನೆಗೆ ಹೋಗಬೇಕಿದ್ದ ಮಗ ಚಿರಂಜೀವಿ, ಶರ್ಟಿನ ಒಂದು ತೋಳು ಹಾಕಿಕೊಂಡು ಇನ್ನೊಂದು ತೋಳು ಹುಡುಕುತ್ತಲೇ ಹೊರಗೆ ಬಂದ.

"ಇವತ್ತಿಂದ ನೀನು ಡೇರಿಗೆ ಓಗ್ಬೇಡಮ್ಮ."

"ನಾನು ಓಗ್ದಿದ್ರೆ ಆಲು ತಾನೇ ನಡ್ಕೊಂಡು ಓಗುತ್ತೇನ್ಲಾ?"

"ಅಪ್ಪ ತಕೊಂಡೋಗ್ತಾರೆ."

ಅಡಿಕೆ ಕತ್ತರಿಸುತ್ತಿದ್ದ ಕದಿರಪ್ಪನವರು ತಲೆ ಎತ್ತಿದರು. "ನಾನಾ?"

"ನಾನು ಬಿದ್ದಿದ್ದು ನಿನ್ನ ಗುಂಡೀಲಿ ಕಣ್ಲಾ" ಎಂದರು ವರಲಕ್ಷ್ಮಮ್ಮ ಮಗನಿಗೆ. "ಗುಂಡಿ ಬಿಟ್ಟು ನನ್ನ ಯಾಕೆ ಮುಚ್ತೀಯ?"

ಅದು ಸುಳ್ಳಾಗಿರಲಿಲ್ಲ. ಹೋದ ಬೇಸಿಗೆಯಲ್ಲಿ ಕೊಟ್ಟಿಗೆಗೆ ನೀರಿನ ಪೈಪು ಎಳೆಯಲು ಚಿರಂಜೀವಿಯೇ ಗಡಾರಿ ಹಿಡಿದು ರಸ್ತೆಯನ್ನು ಅಡ್ಡಡ್ಡ ಅಗೆದಿದ್ದ. ಪೈಪು ಹೂತು ಮೇಲೆ ಮಣ್ಣು ಮುಚ್ಚಿದ. ಮೊದಲ ಮಳೆಗೇ ಮಣ್ಣು ಕುಸಿಯಿತು. ಇಟ್ಟಿಗೆ ಚೂರು ತುಂಬಿದ. ಟ್ರಾಕ್ಟರ್ ಚಕ್ರಗಳು ಅವನ್ನು ಎಗರಿಸಿ ಎಸೆದವು. ಸಿಮೆಂಟು ಹಾಕಿದ, ಅದು ಆರುವ ಮೊದಲೇ ಅಮ್ಮಾಜಮ್ಮನ ಎಮ್ಮೆಗಳು ಅದರ ಮೇಲೆ ನಡೆದು ಹೋದವು. ಪಂಚಾಯಿತಿ ಮೆಂಬರನ್ನು ಕೇಳಿದರೆ ಆತ ಒಂದೇ ಪ್ರಶ್ನೆ ಕೇಳಿದ: "ಅಗೆದೋರು ಯಾರು?" ಆಮೇಲೆ ಊರಿನವರು ಅದಕ್ಕೆ ಚಿರಂಜೀವಿ ಗುಂಡಿ ಎಂದೇ ಹೆಸರಿಟ್ಟರು.

ಇಷ್ಟಾದರೂ ಕ್ಯಾನು ಮಾತ್ರ ಕದಿರಪ್ಪನವರ ಕೈಗೆ ಹೋಯಿತು.

ಕದಿರಪ್ಪನವರು ಒಳ್ಳೆಯವರು. ಆದರೆ ದಾರಿಯಲ್ಲಿ ಯಾರು ಸಿಕ್ಕರೂ ನಿಲ್ಲುವವರು. ಡೇರಿಗೆ ಹೋಗುವ ದಾರಿಯಲ್ಲಿ ಒಂದು ಟೀ ಅಂಗಡಿ, ಒಂದು ಅರಳಿಕಟ್ಟೆ, ಒಂದು ಸೈಕಲ್ ಶಾಪು. ಇವು ಮೂರನ್ನೂ ದಾಟುವ ಹೊತ್ತಿಗೆ ಡೇರಿಯ ಸೆಕ್ರೆಟರಿ ಶ್ರೀನಿವಾಸಪ್ಪ ಬಾಗಿಲು ಹಾಕಿಕೊಂಡು ಹಾಲಿನ ಗಾಡಿ ಕಳಿಸಿಬಿಟ್ಟಿರುತ್ತಿದ್ದರು. ಕ್ಯಾನು ತುಂಬಿದ್ದು ತುಂಬಿದಂತೆಯೇ ಮನೆಗೆ ಬರುತ್ತಿತ್ತು. ಆ ವಾರ ಮನೆಯಲ್ಲಿ ಹಾಲಿನದೇ ಅಡುಗೆ.

"ಮತ್ತೆ ಪಾಯ್ಸನಾ?" ಎಂದು ಚಿರಂಜೀವಿಯ ಮಗಳು ರಾಧ ತಟ್ಟೆಯ ಮುಂದೆ ಮುಖ ಸಿಂಡರಿಸಿದಳು. "ನನಗೆ ಉಪ್ಪು, ಖಾರ ಅಂದ್ರೆ ಏನು ಅಂತಾನೇ ಮರ್ತೋಗ್ತಿದೆ ಅಮ್ಮ."

"ನಿಮ್ಮ ತಾತನ್ನ ಕೇಳು" ಎಂದಳು ಶಶಿರೇಖ, ನಗು ತಡೆದುಕೊಂಡು.

"ಸೈಕಲ್ ಶಾಪಿನೋನು ಮಾತಾಡ್ಸಿದ. ಮನುಷ್ಯ ಮಾತಾಡ್ಸಿದ್ರೆ ಮುಖ ತಿರುಗ್ಸಕ್ಕಾಗುತ್ತಾ?" ಎಂದು ಕದಿರಪ್ಪನವರು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡರು. ಮನೆಯಲ್ಲಿ ಈ ಏರ್ಪಾಡಿನಿಂದ ಸಂತೋಷವಾಗಿದ್ದವರು ಅವರೊಬ್ಬರೇ.

ಮುಂದಿನ ವಾರ ಹಾಲು ಬೇರೊಂದು ಸಣ್ಣ ಕ್ಯಾನಿನಲ್ಲಿ ರಾಧಳ ಸೈಕಲ್ ಏರಿತು. ಅವಳು ರಾಬರ್ಟ್‌ಸನ್‌ಪೇಟೆಯ ಕಾಲೇಜಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ಹಾಲು ಹಾಕಿ ಬಂದು, ಜಡೆ ಅರ್ಧ ಹೆಣೆದುಕೊಂಡು, ಬಸ್ಸಿನ ಹಿಂದೆ ಓಡುತ್ತಿದ್ದಳು. ಜಗಲಿಯ ಮೇಲೆ ಕೂತಿದ್ದ ವರಲಕ್ಷ್ಮಮ್ಮ ಅವಳನ್ನು ಹಾಗೇ ಬಿಡುತ್ತಿರಲಿಲ್ಲ.

"ಡೇರೀಲಿ ಯಾರ್ಯಾರು ಬಂದಿದ್ರು?"

"ಜನ ಇದ್ರು ಅಜ್ಜಿ."

"ಜನ ಅಂದ್ರೆ?"

"ಜನ ಅಂದ್ರೆ ಜನ."

ವರಲಕ್ಷ್ಮಮ್ಮ ನಿಟ್ಟುಸಿರು ಬಿಟ್ಟರು. ಯಾರ ಮನೆ ಹಸು ಕರು ಹಾಕಿತು, ಯಾರ ಸೊಸೆ ತವರಿಗೆ ಹೋದಳು, ಯಾರ ಹಾಲಿಗೆ ನೀರು ಬೆರೆತಿದೆ ಎಂದು ಶ್ರೀನಿವಾಸಪ್ಪ ಹುಬ್ಬು ಹಾರಿಸಿದರು ಎಂಬುದೆಲ್ಲ ಈ ಹುಡುಗಿಗೆ ಬರೀ ಜನ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಬೆಳಗ್ಗೆ, ಸಾಯಂಕಾಲ ಹಾಲು ಹೊತ್ತವರು ಅವರು. ಊರಿನಲ್ಲಿ ಡೇರಿ ಇಲ್ಲದ ಕಾಲದಲ್ಲಿ ಬಂಗಾರಪೇಟೆಯ ಹೋಟೆಲಿಗೆ ನಡೆದು ಹೋಗಿ ಹಾಕಿ ಬರುತ್ತಿದ್ದರು. ಈಗ ಮಣಿಕಟ್ಟಿನ ಊತ ಇಳಿದಿತ್ತು, ಕಾಲು ಗಟ್ಟಿಯಾಗಿತ್ತು, ಅವರ ಕ್ಯಾನು ಮಾತ್ರ ಗೂಟಕ್ಕೆ ನೇತುಬಿದ್ದಿತ್ತು.

ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಅವರು ಮಗನನ್ನು ಹಿಡಿದು ಕೂರಿಸಿದರು.

"ಲೇ ಚಿರಂಜಿ, ಒಂದು ಮಾತು. ಗುಂಡಿ ಇರೋವರ್ಗೂ ನಾನು ಓಗ್ಬಾರ್ದು, ಅಷ್ಟೇ ತಾನೆ?"

"ಊಂ."

"ಗುಂಡಿ ಮುಚ್ಚಿದ್ ದಿನ?"

ಚಿರಂಜೀವಿ ಮುದ್ದೆ ನುಂಗಿ, ನೀರು ಕುಡಿದು, ತಪ್ಪಿಸಿಕೊಳ್ಳಲು ದಾರಿ ಸಿಗದೆ ಹೇಳಿದ: "ಮುಚ್ಚಿದ್ ದಿನ ಕ್ಯಾನು ನಿಂದೇ."

"ಎಲ್ರೂ ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡ್ವಿ" ಎಂದಳು ರಾಧ. ಅವಳಿಗೂ ಬಸ್ಸಿನ ಹಿಂದೆ ಓಡಿ ಸಾಕಾಗಿತ್ತು.

ಊಟ ಮುಗಿಸಿದ ಅಪ್ಪ, ಮಗಳು ಆಂಡರ್ಸನ್‌ಪೇಟೆಗೆ ಬಸ್ಸು ಹತ್ತಿದರು. ಅಲ್ಲಿ ಸುಬ್ರಮಣಿ ಎಂಬ ತಮಿಳರದು ಒಂದು ಹಳೇ ಅಂಗಡಿ. ಸೋರುವ ತಾರಸಿಗೆ ಬಳಿಯಲು ಜನ ಅಲ್ಲೇ ಡಾಂಬರು ಕೊಳ್ಳುತ್ತಿದ್ದರು. ಅಂಗಡಿಯ ಮೂಲೆಯಲ್ಲಿ ಡಾಂಬರು ಗಟ್ಟಿಯಾಗಿ ಹೆಪ್ಪುಗಟ್ಟಿ ಕೂತಿತ್ತು.

"ವಾಂಗ ಸಾರ್. ತಾರ್ಸಿಗಾ?"

"ಇಲ್ಲ, ರೋಡಿಗೆ. ಒಂದು ಗುಂಡಿ."

"ರೋಡಿಗೆ ನೀವಾ!" ಸುಬ್ರಮಣಿ ಕೊಡಲಿಯಿಂದ ಒಂದು ಗಟ್ಟಿ ಒಡೆಯುತ್ತ ನಕ್ಕರು. "ಆಗುತ್ತೆ ಸಾರ್, ಸಣ್ಣ ಗುಂಡಿ ಆದ್ರೆ ಮನೇಲೇ ಕಾಸಿ ಕಲಸ್ಕೋಬೋದು. ಬೇಬಿ ಜಲ್ಲಿ ತಗೊಳ್ಳಿ. ಒಂದೇ ಒಂದು ಮಾತು, ತಣ್ಣಿ, ಅದೇ ನೀರು, ಅದು ಮಾತ್ರ ಬೀಳಬಾರ್ದು. ಜಲ್ಲಿ ಒಣಗಿರ್ಬೇಕು, ಗುಂಡಿ ಒಣಗಿರ್ಬೇಕು. ಒಂದು ತೊಟ್ಟು ತಣ್ಣಿ ಬಿದ್ರೂ ಅಷ್ಟೇ ಕಥೆ. ಪುರಿಯುದಾ?"

"ಗೊತ್ತು ಬಿಡಿ" ಎಂದು ಚಿರಂಜೀವಿ ಗೋಣಿಚೀಲ ಹೆಗಲಿಗೇರಿಸಿದ.

ಬಸ್ಸಿನಲ್ಲಿ ಕಂಡಕ್ಟರ್ ಚೀಲವನ್ನು ಕಾಲಿನಿಂದ ತಳ್ಳಿ ನೋಡಿದ. "ಏನಮ್ಮ ಇದು, ಬೆಲ್ಲಾನಾ?"

"ಹೂಂ, ತಿಂದು ನೋಡಿ" ಎಂದಳು ರಾಧ.

ಅವರು ಮನೆಗೆ ಬರುವಷ್ಟರಲ್ಲಿ, ಕ್ರಷರ್ ಕಡೆಯಿಂದ ಬರುವ ಟ್ರಾಕ್ಟರಿನವನಿಗೆ ಹೇಳಿ ತರಿಸಿದ್ದ ಜಲ್ಲಿಯೂ ಬಂದು ಜಗಲಿಯ ಪಕ್ಕ ಬಿದ್ದಿತ್ತು. ಕಡಲೆಕಾಳಿನ ಗಾತ್ರದ ಕಲ್ಲು, ಅದರ ತುಂಬ ಬೂದಿಯಂಥ ಧೂಳು. ಚಿರಂಜೀವಿ ಅದನ್ನೊಮ್ಮೆ ನೋಡಿ, ಸ್ನಾನ ಮಾಡಿ, ಊಟ ಮಾಡಿ ಮಲಗಿದ. ಅಂಗಡಿಯವರು ಹೇಳಿದ ಒಂದು ಮಾತನ್ನು ಅವನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಇದು ಗಂಡಸರ ಕೆಲಸ, ಹೇಗೂ ತಾನೇ ಮಾಡುವವನಲ್ಲವೇ ಎಂದುಕೊಂಡಿದ್ದ.

ಆದರೆ ಆ ಮನೆಯಲ್ಲಿ ತೊಳೆಯದ ವಸ್ತು ಒಲೆ ಹತ್ತುವುದಿಲ್ಲ. ಭಾನುವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದ ವರಲಕ್ಷ್ಮಮ್ಮ ಜಲ್ಲಿಯನ್ನು ಮಂಕರಿಗೆ ತುಂಬಿ, ಹಸು ತೊಳೆಯುವ ನಲ್ಲಿಯ ಕೆಳಗೆ ಇಟ್ಟು, ಅಕ್ಕಿ ತೊಳೆದ ಹಾಗೆ ತೊಳೆದರು. ನೀರು ತಿಳಿಯಾಗುವವರೆಗೂ ಬಿಡಲಿಲ್ಲ. ಬಲಗೈಗೆ ಆಯಾಸ ಕೊಡಬಾರದೆಂದು ಎಡಗೈಯಲ್ಲೇ ಉಜ್ಜಿದರು. ಮಗ ಎದ್ದು ನೋಡಿದಾಗ ಕಲ್ಲುಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು.

"ಎಷ್ಟ್ ಚೆನ್ನಾಗೈತೆ ಜಲ್ಲಿ" ಎಂದ ಅವನು. ಅದು ಒದ್ದೆಯಾಗಿರುವುದರಿಂದ ಹೊಳೆಯುತ್ತಿದೆ ಎಂದು ಅವನಿಗೂ ಹೊಳೆಯಲಿಲ್ಲ.

ಅಂಗಳದಲ್ಲಿ ಮೂರು ಕಲ್ಲು ಹೂಡಿ, ಬೆಂಕಿ ಹಚ್ಚಿ, ಹಳೇ ಕಬ್ಬಿಣದ ಬಾಂಡ್ಲಿಯಲ್ಲಿ ಡಾಂಬರು ಇಟ್ಟರು. ಅದು ನಿಧಾನವಾಗಿ ಮೆತ್ತಗಾಗಿ, ಬಾಗಿ, ಕರಗಿ, ಕನ್ನಡಿಯಂತಾಯಿತು. ಕದಿರಪ್ಪನವರು ಹೊಸ ಪಂಚೆ ಉಟ್ಟುಕೊಂಡು ಕುರ್ಚಿ ಹಾಕಿಸಿಕೊಂಡು ಕೂತರು. ಅಮ್ಮಾಜಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಸುರೀತೀನಿ, ಎಲ್ರೂ ಇಂದಕ್ಕೆ ನಿಂತ್ಕೊಳ್ಳಿ" ಎಂದು ಚಿರಂಜೀವಿ ಮಂಕರಿ ಎತ್ತಿ ಜಲ್ಲಿ ಸುರಿದ.

ಬಾಂಡ್ಲಿ ಒಮ್ಮೆ ಗೊರ್ ಎಂದಿತು. ಕಪ್ಪು ನೊರೆ ಎದ್ದಿತು. ನೊರೆಯ ಮೇಲೆ ನೊರೆ, ಅಂಚಿನವರೆಗೂ.

"ಉಕ್ತು! ಉಕ್ತು!" ಎಂದು ಕದಿರಪ್ಪನವರು ಕುರ್ಚಿಯಿಂದ ಎದ್ದು ಕೂಗಿದರು.

ಆ ಮನೆಯಲ್ಲಿ ದಿನಾ ಕೇಳುವ ಕೂಗು ಅದು. ಅದನ್ನು ಕೇಳಿದರೆ ಏನು ಮಾಡಬೇಕೆಂದು ವರಲಕ್ಷ್ಮಮ್ಮನ ಕೈಗೆ ಯಾರೂ ಹೇಳಬೇಕಾಗಿರಲಿಲ್ಲ. ಪಕ್ಕದಲ್ಲಿದ್ದ ಚೊಂಬಿಗೆ ಕೈ ಹಾಕಿ, ಉಕ್ಕುವ ಹಾಲಿಗೆ ಚಿಮುಕಿಸುವಂತೆ, ಬಾಂಡ್ಲಿಯ ಮೇಲೆ ನೀರು ಚಿಮುಕಿಸಿಯೇಬಿಟ್ಟರು.

ಆಮೇಲೆ ಆದದ್ದು ಹಾಲಿನ ಕಥೆಯಲ್ಲ. ಡಾಂಬರು ಸಿಡಿಯಿತು, ಎದ್ದಿತು, ಅಂಚು ದಾಟಿ ಸುರಿದು ಬೆಂಕಿಯನ್ನೇ ನುಂಗಿ ಅಂಗಳದ ರಂಗೋಲಿಯ ಕಡೆಗೆ ಹರಿಯಿತು. ಎಲ್ಲರೂ ದಿಕ್ಕಿಗೊಬ್ಬರಂತೆ ಹಾರಿದರು. ಒಂದು ಕೋಳಿ ಅದರ ಅಂಚಿನಲ್ಲಿ ಕಾಲಿಟ್ಟು, ಜಗಲಿಯ ಉದ್ದಕ್ಕೂ ಕಪ್ಪು ಹೆಜ್ಜೆಯಿಟ್ಟುಕೊಂಡು ದೇವರ ಕೋಣೆಗೆ ಹೋಯಿತು. ಕದಿರಪ್ಪನವರ ಹೊಸ ಪಂಚೆ ಕುರ್ಚಿಗೆ ಅಂಟಿಕೊಂಡಿತು. ಚಿರಂಜೀವಿಯ ಮುಂಗೈ ಮೇಲೆ ಒಂದು ಹನಿ ಬಿದ್ದಿತ್ತು. ಶಶಿರೇಖ ಅವನನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಕೈ ಹಿಡಿಸಿದಳು.

"ಡಾಂಬರಿಗೆ ಯಾರಾದ್ರೂ ನೀರಾಕ್ತಾರೇನಮ್ಮ!" ನೋವಿಗೆ, ಗಾಬರಿಗೆ ಅವನ ದನಿ ಏರಿತ್ತು. "ಜಲ್ಲೀನೂ ತೊಳ್ದಿದ್ದೀಯಾ? ಇನ್ಮೇಲೆ ನೀನು ಯಾವ್ದನ್ನೂ ಮುಟ್ಬೇಡ. ಡಾಂಬರೂ ಬೇಡ, ಕ್ಯಾನೂ ಬೇಡ. ಸುಮ್ನೆ ಒಂದು ಕಡೆ ಕೂತ್ಕೋ!"

ಬೇರೆ ದಿನವಾಗಿದ್ದರೆ ವರಲಕ್ಷ್ಮಮ್ಮ ಒಂದಕ್ಕೆ ನಾಲ್ಕು ಉತ್ತರ ಕೊಡುತ್ತಿದ್ದರು. ಅವತ್ತು ಮಗನ ಕೈಯನ್ನೇ ನೋಡಿದರು. ಚೊಂಬನ್ನು ಕೆಳಗಿಟ್ಟು ಒಳಗೆ ಹೋದರು.

ಎದುರು ಬಾಗಿಲಿನಿಂದ ಅಮ್ಮಾಜಮ್ಮ ಕೂಗಿದರು. "ಏನ್ರೇ ಅದು, ಆಲು ಉಕ್ಕಿದ್ರೆ ಮನೆ ತುಂಬುತ್ತೆ ಅಂತಾರೆ. ಡಾಂಬರು ಉಕ್ಕಿದ್ರೆ?"

"ರೋಡು ತುಂಬುತ್ತೆ ಅಂತಿದ್ವಿ" ಎಂದರು ಕದಿರಪ್ಪನವರು, ಕುರ್ಚಿಯ ಸಮೇತ ಎದ್ದು ನಿಂತು. "ಅಂಗಳ ತುಂಬ್ತು."

ಆಮೇಲೆ ಮಳೆ ಹಿಡಿಯಿತು. ಮದ್ರಾಸಿನ ಕಡೆ ಚಂಡಮಾರುತವೆಂದರೆ ಬಂಗಾರಪೇಟೆಗೂ ಅದರ ಪಾಲು ತಪ್ಪಿದ್ದಲ್ಲ. ದಿನವಿಡೀ ತುಂತುರು, ಗುಂಡಿಯಲ್ಲಿ ಕೆಂಪು ನೀರು. ವರಲಕ್ಷ್ಮಮ್ಮ ಒಲೆಯ ಹತ್ತಿರ ಬರುವುದನ್ನೇ ಬಿಟ್ಟರು. ಆ ಮನೆಯ ಮುದ್ದೆ ಯಾವತ್ತೂ ಅವರದೇ. ಈಗ ಶಶಿರೇಖ ಒಂದು ಕಣ್ಣು ಸಾರಿನ ಮೇಲೆ, ಇನ್ನೊಂದು ಕಣ್ಣು ಕೊಟ್ಟಿಗೆಯ ಮೇಲೆ ಇಟ್ಟುಕೊಂಡು ತಿರುವಿದ ಮುದ್ದೆಯಲ್ಲಿ ಗಂಟುಗಳಿರುತ್ತಿದ್ದವು.

"ಇದ್ರಲ್ಲೊಂದು ಬೇಬಿ ಜಲ್ಲಿ ಐತೆ" ಎಂದು ಕದಿರಪ್ಪನವರು ಗಂಟೊಂದನ್ನು ಎತ್ತಿ ತೋರಿಸಿದರು.

"ತಾತ!" ಎಂದು ರಾಧ ಮೊಣಕೈಯಿಂದ ತಿವಿದಳು.

ಚಿರಂಜೀವಿ ಗಂಟಿನ ಸಮೇತ ನುಂಗಿದ. ಅವನ ಮುಂಗೈ ಗುಳ್ಳೆ ಆಗಲೇ ಒಣಗಿ ಕರೆಗಟ್ಟಿತ್ತು. ಒಣಗದೆ ಉಳಿದದ್ದು ಅಮ್ಮನಿಗೆ ಆಡಿದ ಮಾತು.

ಒಂದು ಸಾಯಂಕಾಲ ಶಶಿರೇಖ ಎಣ್ಣೆ ಬೆಚ್ಚಗೆ ಮಾಡಿಕೊಂಡು ಅತ್ತೆಯ ಮಣಿಕಟ್ಟಿಗೆ ಹಚ್ಚಲು ಕೂತಳು.

"ನೋವಿಲ್ಲ ಬಿಡೇ."

"ಇಲ್ದಿದ್ರೂ ಅಚ್ತೀನಿ. ನಂಗೂ ಒಂದು ಗಳಿಗೆ ಕೂತ್ಕೊಳ್ಳಾಕೆ ನೆಪ ಬೇಕಲ್ಲ ಅತ್ತೆ."

ವರಲಕ್ಷ್ಮಮ್ಮ ಕೈ ಚಾಚಿದರು. "ನನ್ನ ಮಗನ ಕೈ ನಾನೇ ಸುಟ್ಟೆನಲ್ಲೇ" ಎಂದರು.

"ತೊಗರಿಕಾಳಷ್ಟು ಗುಳ್ಳೆ. ಅವರು ಸಣ್ಣೋರಿದ್ದಾಗ ನಿಮ್ಮ ಸೀರೆಗೆ ದೀಪ ತಾಗಿಸಿದ್ರಂತಲ್ಲ, ಆ ಲೆಕ್ಕ ಎಲ್ಲೋಯ್ತು?"

"ಕೈಗೆ ಬುದ್ಧಿ ಇರಲ್ಲ ಕಣೇ. ಉಕ್ಕಿದ್ರೆ ನೀರು. ಅದುಕ್ಕೆ ಅಷ್ಟೇ ಗೊತ್ತು. ಅವ್ನೇಳಿದ್ದು ಸರಿ, ನಾನಿನ್ನು ಕೂತ್ಕೊಂಡಿರ್ಬೇಕು." ಗೂಟದ ಕಡೆ ನೋಡದೆ ಹೇಳಿದರು. "ಆ ಕ್ಯಾನಿಗೆ ಉಣಿಸೆ ಆಕಿ ಬೆಳಗಿಡು. ಬಳಸ್ದಿದ್ರೆ ವಾಸನೆ ಬತ್ತದೆ."

ಆ ರಾತ್ರಿ ಶಶಿರೇಖ ಊಟಕ್ಕೆ ಬಡಿಸಿದಳು. ಅತ್ತೆ ಬೇಗ ಉಂಡು ಮಲಗಿದ್ದರು. ಮಾತು ತೆಗೆದವಳು ರಾಧ.

"ಅಪ್ಪ, ಒಂದು ಕೇಳ್ಲಾ? ಅಂಗಡಿಯವ್ರು ನೀರು ಬೀಳಬಾರ್ದು ಅಂದಿದ್ರಲ್ಲ. ನೀನು ಅಜ್ಜಿಗೆ ಹೇಳಿದ್ಯಾ?"

ಚಿರಂಜೀವಿಯ ಕೈ ಸಾರಿನಲ್ಲೇ ನಿಂತಿತು.

"ನಾನೂ ಅಲ್ಲೇ ಇದ್ದೆ, ನಾನೂ ಹೇಳಿಲ್ಲ" ಎಂದಳು ರಾಧ, ಅವಸರವಾಗಿ. "ಆದ್ರೆ ನಾನು ಬೈಲಿಲ್ಲ."

"ಅಂಗಡಿಯವ್ರು ಏಳಿದ್ರಾ?" ಎಂದು ಶಶಿರೇಖ ಗಂಡನ ಕಡೆ ನೋಡಿದಳು. ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. ಆ ಗಂಟುಗಂಟಿನ ಮುದ್ದೆಯನ್ನು ಅವನು ಪೂರ್ತಿ ತಿಂದು ಎದ್ದ.

ಮಳೆ ಬಿಟ್ಟು ಬಿಸಿಲು ಬಂದ ಮೊದಲ ರಜೆಯಲ್ಲಿ ಗಂಡ, ಹೆಂಡತಿ ಇಬ್ಬರೂ ಆಂಡರ್ಸನ್‌ಪೇಟೆಗೆ ಹೋದರು. ನಡೆದದ್ದನ್ನು ಕೇಳಿ ಸುಬ್ರಮಣಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ, ಪಾಲ್ಕಾರಮ್ಮ ಅಲ್ವಾ, ಹಾಲು ಅಂದ್ಕೊಂಡ್ರು ಪಾವಂ!"

ಶಶಿರೇಖ ಸೆರಗು ಸಿಕ್ಕಿಸಿಕೊಂಡು, ಅಡುಗೆ ಕೇಳುವವಳಂತೆ ಒಂದೊಂದೇ ಕೇಳಿದಳು. "ಉರಿ ಎಷ್ಟಿರ್ಬೇಕು ಅಣ್ಣ?"

"ಸಣ್ಣ ಉರಿ. ತೆಳ್ಳಗೆ ಹೊಗೆ ಬಂದ್ರೆ ಸಾಕು. ದಟ್ಟವಾಗಿ ಹಳದಿ ಹೊಗೆ ಬಂತೋ, ಸುಟ್ಟೋಯ್ತು ಅಂತ ಅರ್ಥ."

"ಪಾಕದ ಅಂಗೆ. ಜಲ್ಲಿ?"

"ಜಲ್ಲೀನ ಬೇರೆ ಬಾಂಡ್ಲೀಲಿ ಬಿಸಿ ಮಾಡ್ಬೇಕು. ಒಳಗಿನ ತಣ್ಣಿ ಎಲ್ಲ ಓಡೋಗ್ಬೇಕು. ಬಿಸಿ ಜಲ್ಲಿ ಮೇಲೆ ಬಿಸಿ ಡಾಂಬರು, ಬೇಗ ಬೇಗ ಕಲಸಿ, ಬೇಗ ಬೇಗ ತುಂಬಿ, ಮೇಲೆ ಭಾರ ಎಳೀಬೇಕು. ಎಳೆಯೋ ಭಾರಕ್ಕೆ ಮಾತ್ರ ತಣ್ಣಿ ಚಿಮುಕ್ಸಿ, ಇಲ್ಲಾಂದ್ರೆ ಡಾಂಬರು ಅದಕ್ಕೇ ಅಂಟ್ಕೊಂಡು ಎದ್ದು ಬಂದ್ಬಿಡುತ್ತೆ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಚಿರಂಜೀವಿ, "ಜಲ್ಲಿ ನೀನು ಹುರೀತೀಯಾ?" ಎಂದ.

"ನಂಗೆ ಬರಲ್ಲಪ್ಪ. ಅದು ಮರಳಲ್ಲಿ ಕಡ್ಲೆಕಾಯಿ ಹುರಿಯೋ ಅಂಥ ಹದ. ಅತ್ತೆಗೇ ಬರೋದು."

"ನೀನು ಕೇಳು ಅಮ್ಮನ್ನ."

"ಮುಟ್ಬೇಡ ಅಂದೋಳು ನಾನಲ್ಲ" ಎಂದು ಶಶಿರೇಖ ಕಿಟಕಿಯ ಕಡೆ ತಿರುಗಿದಳು.

ಭಾನುವಾರ ಬೆಳಗ್ಗೆ ಚಿರಂಜೀವಿ ಮಗಳನ್ನು ಒಳಗೆ ಕಳಿಸಿದ.

"ಅಜ್ಜಿ, ಅಪ್ಪ ಕರೀತಾ ಇದಾರೆ."

"ನಿಮ್ಮಪ್ಪಂಗೆ ಬಾಯಿಲ್ವಾ?"

ರಾಧ ಹೊರಗೆ ಬಂದು, "ನಿನಗೆ ಬಾಯಿಲ್ವಾ ಅಂತ ಕೇಳ್ತಾರೆ" ಎಂದಳು. ಚಿರಂಜೀವಿ ತಲೆ ಕೆರೆದುಕೊಂಡು ಒಳಗೆ ಹೋದ.

"ಅಮ್ಮ, ಜಲ್ಲಿ ಉರ್ದು ಕೊಡು."

"ನಾನು ಮುಟ್ಟಲ್ಲಪ್ಪ. ಮುಟ್ಬೇಡ ಅಂದಿದ್ಯಲ್ಲ."

"ಅಂದೆ." ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. "ನೀರು ಬೀಳಬಾರ್ದು ಅಂತ ಅಂಗಡಿಯವ್ರು ನಂಗೆ ಏಳಿದ್ರು. ನಾನು ನಿಂಗೆ ಏಳ್ಲಿಲ್ಲ. ಅದು ನನ್ನ ತಪ್ಪು."

ವರಲಕ್ಷ್ಮಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಗುಂಡಿ?"

"ಗುಂಡೀನೂ ನಂದೇ."

"ಏನಂದೆ? ಕಿವಿ ಕೇಳಲ್ಲ ನಂಗೆ, ಎದುರು ಮನೆಗೂ ಕೇಳೋ ಅಂಗೆ ಏಳು."

"ಗುಂಡಿ ನಂದೇ!" ಎಂದು ಚಿರಂಜೀವಿ ಕೂಗಿದ.

ರಸ್ತೆಯಾಚೆಯಿಂದ ಅಮ್ಮಾಜಮ್ಮನ ದನಿ ಬಂತು. "ಊರಿಗೇ ಗೊತ್ತು ಬಿಡಪ್ಪ!"

ಆಗ ವರಲಕ್ಷ್ಮಮ್ಮ ನಕ್ಕರು. ಮೊರ ಪಕ್ಕಕ್ಕಿಟ್ಟು, ಮಂಡಿಯ ಮೇಲೆ ಕೈಯೂರಿ ಎದ್ದರು. "ಕೈ ತೋರ್ಸು" ಎಂದು ಮಗನ ಮುಂಗೈ ಹಿಡಿದು, ಕರೆಯನ್ನು ಹೆಬ್ಬೆರಳಿನಿಂದ ಸವರಿ, "ನಡಿ, ಒಲೆ ಆಕು" ಎಂದರು.

ಅವತ್ತು ಅಂಗಳದಲ್ಲಿ ಎರಡು ಒಲೆ. ಒಂದರ ಮೇಲೆ ಡಾಂಬರು, ಅದರ ಕಾವಲಿಗೆ ಶಶಿರೇಖ. ಇನ್ನೊಂದರ ಮೇಲೆ ಜಲ್ಲಿ. ನೀರಿನ ಚೊಂಬು, ಬಿಂದಿಗೆ, ಕೊಡ, ಎಲ್ಲವನ್ನೂ ರಾಧ ದೂರದ ತೊಟ್ಟಿಯ ಹತ್ತಿರ ಇಟ್ಟು ಬಂದಳು. ಚಿರಂಜೀವಿ ಗುಂಡಿಯ ಅಂಚನ್ನು ಗಡಾರಿಯಿಂದ ನೇರವಾಗಿ ಕಡಿದು, ಮಣ್ಣು ತೆಗೆದು, ಪೊರಕೆಯಲ್ಲಿ ಗುಡಿಸಿ, ಅಂಚಿಗೆಲ್ಲ ಬಿಸಿ ಡಾಂಬರು ಬಳಿದ. ವರಲಕ್ಷ್ಮಮ್ಮ ಉದ್ದ ಹಿಡಿಯ ಸಲಿಕೆಯಿಂದ ಜಲ್ಲಿಯನ್ನು ತಳದಿಂದ ಮೇಲಕ್ಕೆ, ಮೇಲಿನಿಂದ ತಳಕ್ಕೆ ಮಗುಚಿದರು. ಮೊದಲು ಆವಿ ಎದ್ದಿತು. ಆಮೇಲೆ ಆವಿ ನಿಂತು ಕಲ್ಲುಗಳು ಒಣಗಿದ ಸದ್ದು ಮಾಡತೊಡಗಿದವು.

"ಸಾಕಾ ಅಮ್ಮ?"

"ತಾಳು." ಸೆರಗಿನ ಗಂಟು ಬಿಚ್ಚಿ ನಾಲ್ಕು ಕಾಳು ರಾಗಿ ತೆಗೆದು ಕಲ್ಲಿನ ಮೇಲೆ ಎಸೆದರು. ರಾಗಿ ಸುಮ್ಮನೆ ಕೂತಿತು. ಇನ್ನಷ್ಟು ಮಗುಚಿದರು. ಮತ್ತೆ ಎಸೆದರು. ಈ ಸಲ ಕಾಳುಗಳು ಚಟಪಟ ಎಂದು ಬಿಳಿಯಾಗಿ ಅರಳಿ ಹಾರಿದವು. "ಈಗ ತಾರ್ಲಾ ನಿನ್ನ ಡಾಂಬರು."

"ಹೋದ್ ಸಂಕ್ರಾಂತಿಗೆ ಕಡ್ಲೆಕಾಯಿ ನೀನೇ ಉರ್ದಿದ್ಯಲ್ಲಮ್ಮ ಶಶಿ" ಎಂದರು ಕದಿರಪ್ಪನವರು, ಹಳೇ ಪಂಚೆಯಲ್ಲಿ, ಕುರ್ಚಿಯಿಲ್ಲದೆ ನಿಂತು. "ಬರಲ್ಲ ಅಂದ್ಯಂತೆ?"

"ಮಾವ, ಆ ಕವೆಗೋಲು ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದಳು ಶಶಿರೇಖ.

ಮದುವೆ ಮನೆಗಳಲ್ಲಿ ದೊಡ್ಡ ಪಾತ್ರೆಯಲ್ಲಿ ಮುದ್ದೆ ತಿರುವುವಾಗ ಪಾತ್ರೆ ಅಲುಗದಂತೆ ಒತ್ತಿ ಹಿಡಿಯುವ ಕವೆಗೋಲು ಅದು. ಕದಿರಪ್ಪನವರು ಅದರಿಂದ ಬಾಂಡ್ಲಿ ಒತ್ತಿ ಹಿಡಿದರು. ಚಿರಂಜೀವಿ ಡಾಂಬರು ಸುರಿದ. ಉಕ್ಕಲಿಲ್ಲ. ನೊರೆ ಬರಲಿಲ್ಲ. ಕಪ್ಪು, ಸದ್ದಿಲ್ಲದೆ ಕಲ್ಲುಗಳ ನಡುವೆ ಇಳಿಯಿತು. ಶಶಿರೇಖ ಸಲಿಕೆ ಹಾಕಿ ತಿರುವಿದಳು.

"ತಳದಿಂದ ಎತ್ತೇ. ಗಂಟು ಬಿಡ್ಬೇಡ. ಬಿಳೀ ಕಲ್ಲು ಒಂದೂ ಕಾಣ್ಬಾರ್ದು. ಆ, ಅಂಗೆ! ಇಷ್ಟು ದಿನ ನಂಗೆ ಗಂಟು ಮುದ್ದೆ ತಿನ್ಸಿದ್ಲು, ಇದನ್ನ ಮಾತ್ರ ಎಷ್ಟು ನುಣ್ಣಗೆ ಮಾಡ್ತಾಳೆ ನೋಡು!"

ಗುಂಡಿಗೆ ಸುರಿದರು, ಸಲಿಕೆಯ ಬೆನ್ನಿನಿಂದ ತಟ್ಟಿದರು. ಇನ್ನು ಭಾರ ಬೇಕು. ಹೊಂಗೆ ಮರದ ಕೆಳಗೆ ರಾಗಿ ಒಕ್ಕುವ ರೋಣಗಲ್ಲು ಬಿದ್ದಿತ್ತು. ಎಲ್ಲರೂ ರಾಗಿಯನ್ನು ಟಾರು ರಸ್ತೆಗೆ ಹರಡಿ ಬಸ್ಸು, ಲಾರಿಗಳಿಂದಲೇ ಒಕ್ಕಿಸಲು ಶುರು ಮಾಡಿದ ಮೇಲೆ ಆ ಕಲ್ಲನ್ನು ಯಾರೂ ಮುಟ್ಟಿರಲಿಲ್ಲ. ಅಪ್ಪ, ಮಗ ಹಗ್ಗ ಹಿಡಿದರು. ಅಮ್ಮಾಜಮ್ಮ ಸೆರಗು ಬಿಗಿದು ರಸ್ತೆ ದಾಟಿ ಬಂದು ಹಿಂದಿನಿಂದ ತಳ್ಳಿದರು. "ನನ್ನ ಎಮ್ಮೆಗಳು ಕೆಡಿಸಿದ್ದು ಅಂತ ಮೂರು ತಿಂಗಳು ಅಂದ್ರಲ್ಲ, ತಳ್ಳಿ ತೀರಿಸ್ತೀನಿ."

ಕಲ್ಲು ಒಂದು ಸುತ್ತು ಉರುಳಿತು. ಉರುಳಿದ ಕಡೆಯಲ್ಲಿ ಡಾಂಬರು ಅದಕ್ಕೆ ಅಂಟಿಕೊಂಡು ಸಿಪ್ಪೆಯಂತೆ ಎದ್ದು ಬಂತು.

"ನೀರು!" ಎಂದ ಚಿರಂಜೀವಿ. "ಅಮ್ಮ, ಬೇಗ, ನೀರು ಚಿಮುಕ್ಸು!"

ವರಲಕ್ಷ್ಮಮ್ಮ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. "ನಾನಾ? ನೀರಾ? ಇಲ್ಲಪ್ಪ. ಬೇರೆ ಯಾರನ್ನಾದ್ರೂ ಕರಿ."

"ಈಗ ನೀರೇ ಬೇಕಮ್ಮ! ಕಲ್ಲಿಗೆ, ಡಾಂಬರಿಗಲ್ಲ!"

"ಮತ್ತೆ ಸಿಡಿದ್ರೆ?"

ಚಿರಂಜೀವಿ ಹಗ್ಗ ಬಿಟ್ಟು ತೊಟ್ಟಿಗೆ ಓಡಿದ. ಚೊಂಬು ತುಂಬಿ ತಂದು ಅಮ್ಮನ ಬಲಗೈ ಎಳೆದು ಅದರಲ್ಲಿಟ್ಟ. "ಇದು ಸಿಡಿಯಲ್ಲ. ನಾನು ಕೇಳ್ಕೊಂಡು ಬಂದೀನಿ. ಈ ಸಲ ಏಳ್ತಾ ಇದ್ದೀನಿ ನೋಡು. ಉರುಳೋ ಕಲ್ಲಿನ ಮೇಲೆ ಚಿಮುಕ್ಸು, ನೀನು ಚಿಮುಕ್ಸೋ ಅಂಗೆ ಯಾರಿಗೂ ಬರಲ್ಲ."

ವರಲಕ್ಷ್ಮಮ್ಮ ಒಮ್ಮೆ ಚೊಂಬು ನೋಡಿದರು, ಒಮ್ಮೆ ಮಗನ ಮುಖ. ಆಮೇಲೆ ಐದು ಬೆರಳನ್ನೂ ನೀರಿನಲ್ಲಿ ಅದ್ದಿ, ಬೆಳಗ್ಗೆ ರಂಗೋಲಿಗೆ ಮುಂಚೆ ಅಂಗಳಕ್ಕೆ ಚಿಮುಕಿಸುವ ಹಾಗೆ, ಕಲ್ಲಿನ ಮೇಲೆ ಸಮನಾಗಿ ಚಿಮುಕಿಸಿದರು. ಕಲ್ಲು ಉರುಳಿತು. ಅಂಟಲಿಲ್ಲ. ಅವರು ಕಲ್ಲಿನ ಜೊತೆ ಜೊತೆಗೆ ನಡೆಯುತ್ತ ಚಿಮುಕಿಸುತ್ತ ಹೋದರು. ಅದು ಹೋಯಿತು, ಬಂತು, ಮತ್ತೆ ಹೋಯಿತು. ಕೊನೆಗೆ ರಾಧ ಮೇಲೆ ಒಂದು ಹಿಡಿ ಕಲ್ಲಿನ ಪುಡಿ ಎರಚಿದಾಗ, ಹಳೇ ರಸ್ತೆ ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಯಿತೆಂದು ಕಪ್ಪು ಬಣ್ಣದಿಂದ ಮಾತ್ರ ಗೊತ್ತಾಗುತ್ತಿತ್ತು.

ಅವತ್ತಿನ ಊಟಕ್ಕೆ ಹಿತುಕಿದ ಅವರೆಬೇಳೆ ಸಾರು. ಮುದ್ದೆ ವರಲಕ್ಷ್ಮಮ್ಮನದು. ಕದಿರಪ್ಪನವರು ಮೊದಲ ತುತ್ತು ಮುರಿದು ಬೆಳಕಿಗೆ ಹಿಡಿದು ನೋಡಿದರು.

"ಜಲ್ಲಿ ಇಲ್ಲ" ಎಂದರು.

ಮರುದಿನ ಬೆಳಗ್ಗೆ ಚಿರಂಜೀವಿ ರೈಲಿಗೆ ಹೊರಡುವ ಮುಂಚೆ ಗೂಟದಿಂದ ಕ್ಯಾನು ಇಳಿಸಿ ತಂದ. ಶಶಿರೇಖ ಹಾಲು ತುಂಬಿ ಮುಚ್ಚಳ ಒತ್ತಿದಳು. "ಅಲ್ಲೀವರ್ಗೂ ನಾನು ಇಡ್ಕೊಂಡು ಬರ್ಲಾ ಅಮ್ಮ?" ಎಂದು ಅವನು ಕೇಳಿದ.

"ನಿನ್ನ ರೈಲು ನೋಡ್ಕೋ ಓಗ್ಲಾ."

ವರಲಕ್ಷ್ಮಮ್ಮ ಕ್ಯಾನು ಎತ್ತಿಕೊಂಡು ಹೊರಟರು. ಇಷ್ಟು ತಿಂಗಳ ಅಭ್ಯಾಸದಂತೆ ಕಾಲು ಪಕ್ಕಕ್ಕೆ ಹೋಯಿತು. ಗುಂಡಿಯಿದ್ದ ಜಾಗವನ್ನು ಬಳಸಿ, ಚರಂಡಿಯ ಅಂಚಿನಿಂದ ಆಚೆ ದಾಟಿಬಿಟ್ಟರು. ದಾಟಿದ ಮೇಲೆ ನೆನಪಾಗಿ ನಿಂತರು. ತಿರುಗಿ ವಾಪಸ್ಸು ಬಂದು, ಸರಿಯಾಗಿ ಕರೀ ತೇಪೆಯ ನಡುವೆ ನಿಂತು, ಒಂದು ಕಾಲಿನಿಂದ ಜೋರಾಗಿ ತುಳಿದು ನೋಡಿದರು. ಇನ್ನೊಂದು ಕಾಲಿನಿಂದಲೂ ತುಳಿದರು. ಆಮೇಲೆ ಹಿಂದೆ ತಿರುಗಿ ನೋಡದೆ ನಡೆದರು.

ಒಳಗೆ ಶಶಿರೇಖ ಕಾಫಿಗೆ ಹಾಲಿಟ್ಟಿದ್ದಳು. ಅತ್ತೆ ಡೇರಿಗೆ ಹೋದ ದಾರಿಯ ಕಡೆ ಕಿವಿಯಿಟ್ಟು ನಿಂತವಳಿಗೆ ಒಲೆ ಮರೆತುಹೋಗಿತ್ತು.

"ಉಕ್ತು! ಉಕ್ತು!" ಎಂದು ಕದಿರಪ್ಪನವರು ಕೂಗಿದರು. ಅವಳು ಬೆಚ್ಚಿ ತಿರುಗಿ ಒಂದು ಚಿಟಿಕೆ ನೀರು ಚಿಮುಕಿಸಿದಳು. ಹಾಲು ಹೇಳಿದ ಮಾತು ಕೇಳಿ ಇಳಿಯಿತು.

ದೂರದಿಂದ, ಅರಳಿಕಟ್ಟೆಯ ಆಚೆಯಿಂದ, ಡೇರಿಯ ಸಾಲಿನಲ್ಲಿ ನಿಂತ ಅಷ್ಟೂ ಜನರಿಗೆ ಕೇಳುವಂಥ ದನಿ ತೇಲಿ ಬರುತ್ತಿತ್ತು.

"ಡಾಂಬರಾ? ಅದೇನ್ ಮಹಾ, ಅದೂ ಮುದ್ದೆ ಇದ್ದಂಗೇನೆ! ಮೊದ್ಲು ಜಲ್ಲಿ ಉರ್ಕೋಬೇಕು, ರಾಗಿ ಅರಳೋ ಅಷ್ಟು. ನೀರು ಮಾತ್ರ ಕೇಳ್ಕೊಂಡು ಆಕ್ಬೇಕು ಕಣ್ರೇ, ಎಲ್ಲಿಗೆ ಆಕ್ಬೇಕು ಅಂತ ಕೇಳ್ಕೊಂಡು!"